ಕೇಪಿನ ಕೋವಿಗೆ ಕಿಟ್ಟ ಕಡಿಮೆ ಕಟ್ಟುವ ಮದ್ದು ಆರಿಸುವುದು ಹೇಗೆ

ಕೇಪಿನ ಕೋವಿ ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪಿನ ಕಿಡಿಯಿಂದ ಹೊತ್ತಿಸುವ ಕೋವಿ. ಕಿಟ್ಟ ಅಂದರೆ ಮದ್ದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವ ಕೊಳೆ. ಕಿಟ್ಟವೇ ಕಟ್ಟದ ಕರಿಮದ್ದು ಅಂತ ಯಾವುದೂ ಇಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿ ಉರಿದಾಗ ತೂಕದಲ್ಲಿ ನೂರಕ್ಕೆ ಸುಮಾರು 55 ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಒಂದಿಷ್ಟು ಬಿಳಿ ಹೊಗೆಯಾಗಿ ಹೊರಬೀಳುತ್ತದೆ, ಮಿಕ್ಕಿದ್ದು ನಳಿಗೆಯ ಗೋಡೆಗೆ ಅಂಟುತ್ತದೆ. ಹಾಗಾಗಿ ‘ಕ್ಲೀನ್ ಮದ್ದು’ ಅಂದರೆ ಕಿಟ್ಟ ಇಲ್ಲದ್ದಲ್ಲ. ಕಿಟ್ಟ ಮೆತ್ತಗಿದ್ದು, ಒದ್ದೆ ಬಟ್ಟೆಯ ಒಂದೇ ಎಳೆತಕ್ಕೆ ಬರಬೇಕು, ಅಷ್ಟೇ.

ಈ ಕಿಟ್ಟ ಹೆಚ್ಚಾಗಿ ಪೊಟ್ಯಾಸಿಯಂ ಲವಣಗಳು. ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತವೆ. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಕಬ್ಬಿನ ಗದ್ದೆಯಲ್ಲಿ ಹಂದಿ ಬೆದರಿಸಲು ರಾತ್ರಿ ಒಂದು ಬರಿ ಮದ್ದಿನ ಈಡು ಹೊಡೆದು ಕೋವಿಯನ್ನು ಹಾಗೇ ಮೂಲೆಗೆ ಒರಗಿಸಿಟ್ಟರೆ, ಇಬ್ಬನಿ ಬಿದ್ದ ಬೆಳಗ್ಗೆಗೇ ಒಳಗೆ ಕೆಂಪು ತುಕ್ಕು ಶುರುವಾಗಿರುತ್ತದೆ. ಇದಕ್ಕಿಂತ ಅಪಾಯ ಇನ್ನೊಂದಿದೆ. ಕಿಟ್ಟ ದಪ್ಪವಾದರೆ ಮದ್ದಿನ ಮೇಲೆ ಒತ್ತುವ ರಟ್ಟಿನ ಬಿಲ್ಲೆ ಅಥವಾ ಗುಂಡು ಮದ್ದಿನವರೆಗೆ ಇಳಿಯದೆ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಮದ್ದಿಗೂ ಬಿಲ್ಲೆಗೂ ನಡುವೆ ಸಂದು ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ಮೊದಲು ಹರಳಿನ ಗಾತ್ರ ನೋಡಿ. ಡಬ್ಬಿಯ ಮೇಲೆ ದರ್ಜೆ ಬರೆದಿದ್ದರೆ ಎಫ್ ಅಕ್ಷರ ಎಷ್ಟಿವೆ ಎಣಿಸಿ, ಎಫ್ ಹೆಚ್ಚಿದಷ್ಟೂ ಹರಳು ಸಣ್ಣದು. 1ಎಫ್ ಸುಮಾರು 1.2ರಿಂದ 1.7 ಮಿ.ಮೀ., 2ಎಫ್ 0.6ರಿಂದ 1.2, 3ಎಫ್ 0.3ರಿಂದ 0.85. ಇನ್ನೂ ಸಣ್ಣದಾದ 4ಎಫ್ ಚಕಮಕಿ ಕೋವಿಯ ಕಿವಿಗೆ (ಕಿಡಿ ಬೀಳುವ ಪುಟ್ಟ ಬಟ್ಟಲಿಗೆ) ಹಾಕಲು ಮಾತ್ರ, ನಳಿಗೆಗೆ ಅಲ್ಲ. ಸಣ್ಣ ಹರಳು ಬೇಗ, ಪೂರ್ತಿ ಉರಿಯುವುದರಿಂದ ಕಿಟ್ಟ ಕಡಿಮೆ. ಹಾಗಂತ ಎಲ್ಲರೂ 3ಎಫ್‌ಗೆ ಹಾರಬೇಡಿ, ಅದು ಒತ್ತಡವನ್ನೂ ಏರಿಸುತ್ತದೆ. 12 ಬೋರ್ ಆಸುಪಾಸಿನ ನುಣುಪು ನಳಿಗೆಗೆ 2ಎಫ್ ಸರಿ. .45 ಇಂಚಿಗಿಂತ ಸಣ್ಣ ಬಾಯಿಯ ರೈಫಲ್, ಪಿಸ್ತೂಲಿಗೆ 3ಎಫ್. ಕೋವಿ ತಯಾರಕರೇ 3ಎಫ್ ಒಪ್ಪಿದ್ದರೂ 2ಎಫ್ ಅಳತೆಗಿಂತ ನೂರಕ್ಕೆ 10ರಿಂದ 15 ಭಾಗ ಇಳಿಸಿ ಶುರುಮಾಡುವುದು ರೂಢಿ. ತಾತನ ಕಾಲದ, ಪ್ರೂಫ್ ಮುದ್ರೆ (ಒತ್ತಡ ತಡೆಯುತ್ತದೆಂದು ಪರೀಕ್ಷಿಸಿ ಒತ್ತಿದ ಗುರುತು) ಅಳಿಸಿಹೋದ ಒಂಟಿ ನಳಿಗೆಯಾದರೆ ಈ ಪ್ರಯೋಗವೇ ಬೇಡ. 2ಎಫ್ ಹಾಕಿ, ಒರೆಸುವ ಕೆಲಸ ಒಂದು ಸಲ ಹೆಚ್ಚಾದರೆ ಆಗಲಿ.

ಒಂದೇ ದರ್ಜೆಯ ಎರಡು ಮದ್ದು ಬೇರೆ ಬೇರೆ ಕಿಟ್ಟ ಕಟ್ಟುವುದಕ್ಕೆ ಕಾರಣ ಬಹುಮಟ್ಟಿಗೆ ಇದ್ದಿಲು. ಯಾವ ಮರ, ಎಷ್ಟು ಸುಟ್ಟಿದ್ದು, ಎಷ್ಟು ಹೊತ್ತು ಅರೆದದ್ದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಗುರ ಮರದ, ನುಣ್ಣಗೆ ಅರೆದ ಇದ್ದಿಲಿನ ಮದ್ದು ಮೆತ್ತನೆ ಕಿಟ್ಟ ಬಿಡುತ್ತದೆ. ಅಂಗಡಿಯಲ್ಲಿ ಇದನ್ನು ಕಂಡುಹಿಡಿಯಲು ಆಗುವುದಿಲ್ಲ, ಆದರೆ ಕೆಟ್ಟ ಮದ್ದನ್ನು ಗುರುತಿಸಬಹುದು. ಸ್ವಲ್ಪವನ್ನು ಬಿಳಿ ಹಾಳೆಯ ಮೇಲೆ ಹರಡಿಸಿ ನೋಡಿ. ಹರಳು ಒಂದೇ ಸಮ ಇರಬೇಕು. ಹಾಳೆ ಕೊಡವಿದ ಮೇಲೆ ಕರಿ ಧೂಳು ದಟ್ಟವಾಗಿ ಉಳಿದರೆ ಹರಳು ಪುಡಿಯಾಗುತ್ತಿದೆ ಎಂದರ್ಥ, ಅಂಥದ್ದು ಒಂದೊಂದು ಈಡಿಗೆ ಒಂದೊಂದು ರೀತಿ ಉರಿಯುತ್ತದೆ. ಹರಳಿನ ಮೇಲೆ ಬೂದು-ಬಿಳಿ ಹೂವು ಕಂಡರೆ ಅಥವಾ ಗಂಟು ಕಟ್ಟಿದ್ದರೆ ತೇವ ತಾಗಿ ಪೆಟ್ಲುಪ್ಪು ಮೇಲೆದ್ದಿದೆ. ಬಿಸಿಲಿಗೆ ಒಣಗಿಸಿದರೂ ಅದು ಮೊದಲಿನಂತಾಗದು, ಕೊಳ್ಳಬೇಡಿ. ಹೊಳಪು ಮಾತ್ರ ನಂಬುವಂಥದ್ದಲ್ಲ. ಅದು ಗ್ರಾಫೈಟ್ ಲೇಪ, ತೇವ ತಡೆಯಲು, ಸಲೀಸಾಗಿ ಸುರಿಯಲು ಹಾಕಿದ್ದು.

ಕೊಳ್ಳುವುದು ಪರವಾನಗಿ ಇರುವ ಅಂಗಡಿಯಲ್ಲಿ, ನಿಮ್ಮ ಲೈಸೆನ್ಸ್ ಪುಸ್ತಕದಲ್ಲಿ ನಮೂದಾದ ಪ್ರಮಾಣದೊಳಗೆ. ಪಟಾಕಿ ಬಿಚ್ಚಿ ತೆಗೆದ ಮದ್ದು, ಮನೆಯಲ್ಲಿ ಅರೆದ ಮದ್ದು, ತೋಟಾ ಬಿಚ್ಚಿದ ಹೊಗೆರಹಿತ ಮದ್ದು ಈ ಮೂರೂ ಕೋವಿಯ ಹತ್ತಿರವೂ ಸುಳಿಯಬಾರದು. ಹೊಗೆರಹಿತ ಮದ್ದಿನಿಂದ ಅಷ್ಟಾಗಿ ಕಿಟ್ಟ ಕಟ್ಟುವುದಿಲ್ಲ ನಿಜ. ಆದರೆ ಒಂದೇ ಈಡಿಗೆ ನಳಿಗೆಯ ತಳ ಹಾರಿ ಕಣ್ಣು, ಬೆರಳು ಹೋಗುವುದು ಹೀಗೆಯೇ.

ಅಮೆರಿಕದ ವಿಡಿಯೊಗಳಲ್ಲಿ ಕಾಣುವ ಬದಲಿ ಮದ್ದುಗಳ ಬಗ್ಗೆ ಕೇಳುವವರಿದ್ದಾರೆ. ಪೈರೋಡೆಕ್ಸ್ ಕಡಿಮೆ ಕಿಟ್ಟ ಕಟ್ಟಿದರೂ ಅದರಲ್ಲಿರುವ ಪರ್ಕ್ಲೋರೇಟ್‌ನಿಂದಾಗಿ ತುಕ್ಕು ಇನ್ನೂ ಜೋರು. ಟ್ರಿಪಲ್ ಸೆವೆನ್‌ನಲ್ಲಿ ಗಂಧಕವಿಲ್ಲ, ಬರಿ ನೀರಿಗೇ ಹೋಗುತ್ತದೆ, ಆದರೆ ಶಕ್ತಿ ಹೆಚ್ಚು, ಅಳತೆ ನೂರಕ್ಕೆ 15ರಷ್ಟು ಇಳಿಸಬೇಕು. ಬ್ಲ್ಯಾಕ್‌ಹಾರ್ನ್ 209 ನಮ್ಮ ಸಾಮಾನ್ಯ ಕೇಪಿನ ಕಿಡಿಗೆ ಹತ್ತುವುದೇ ಕಷ್ಟ, ಅದಕ್ಕೆ 209 ಪ್ರೈಮರ್ (ತೋಟಾಗಳಲ್ಲಿ ಬಳಸುವ, ಕಿಡಿ ಜೋರಾದ ಕೇಪು) ಬೇಕು. ಇವನ್ನೆಲ್ಲ ಅಳೆಯುವುದು ಗಾತ್ರದಲ್ಲಿ. ಕರಿಮದ್ದಿನ ತೂಕಕ್ಕೆ ಸಮವಾಗಿ ತಕ್ಕಡಿಯಲ್ಲಿ ತೂಗಿ ಹಾಕಿದರೆ ಅಳತೆ ಮೀರುತ್ತದೆ.

ಎರಡು ಮದ್ದಿನಲ್ಲಿ ಯಾವುದು ಮೇಲು ಅಂತ ತೀರ್ಮಾನವಾಗುವುದು ನಿಮ್ಮದೇ ಕೋವಿಯಲ್ಲಿ. ಪರವಾನಗಿಯ ಷರತ್ತಿಗೆ ಒಳಪಟ್ಟ ಜಾಗದಲ್ಲಿ, ಒಂದೇ ದಿನ, ಒಂದೇ ಅಳತೆ, ಒಂದೇ ಬಗೆಯ ಬಿಲ್ಲೆಯಿಂದ ಪರೀಕ್ಷೆ ಮಾಡಿ. ಅದಕ್ಕೆ ಮೊದಲು ಗಜದ (ಮದ್ದು, ಬಿಲ್ಲೆ ಒತ್ತುವ ಕೋಲಿನ) ಮೇಲೆ ಎರಡು ಗುರುತು ಹಾಕಿ: ಖಾಲಿ ನಳಿಗೆಗೆ ಒಂದು, ಸರಿಯಾಗಿ ತುಂಬಿದ ನಳಿಗೆಗೆ ಒಂದು. ಒಂದು ಮದ್ದಿನಿಂದ ಐದು ಈಡು ಹೊಡೆಯಿರಿ. ಪ್ರತಿ ಈಡಿನ ನಂತರ ಒಂದು ನಿಮಿಷ ಬಿಟ್ಟು, ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಬಟ್ಟೆಯನ್ನು ಸಾಲಾಗಿ ಇಟ್ಟುಕೊಳ್ಳಿ. ಈ ಒರೆಸುವಿಕೆ ಬರಿ ಪರೀಕ್ಷೆಗಲ್ಲ, ಒಳಗೆ ಉಳಿದ ಕೆಂಡ ಆರಿಸುವುದಕ್ಕೂ ಬೇಕು. ದಸರಾ ಕುಶಾಲತೋಪಿನಲ್ಲಿ ಫಿರಂಗಿದಳದವರು ಪ್ರತಿ ಸುತ್ತಿಗೂ ಒದ್ದೆ ಬಟ್ಟೆಯ ದಂಡ ತೂರುವುದು ಇದಕ್ಕೇ. ಒರೆಸಿ ಮತ್ತೆ ತುಂಬಿದಾಗ, ತುಂಬಿದ ನಳಿಗೆಗೆ ಹಾಕಿದ ಗಜದ ಗುರುತು ಬಾಯಿಗಿಂತ ಮೇಲೆ ನಿಂತರೆ ಅಲ್ಲಿಗೇ ನಿಲ್ಲಿಸಿ. ನಂತರ ನಳಿಗೆಯನ್ನು ಪೂರ್ತಿ ತೊಳೆದು ಇನ್ನೊಂದು ಮದ್ದಿಗೆ ಹೋಗಿ. ಬಟ್ಟೆಯ ಮೇಲೆ ಕಪ್ಪು ಬಗ್ಗಡ ಬಂದರೆ ಒಳ್ಳೆಯದು. ಹೆಂಚಿನ ಚೂರಿನಂಥ ಗಟ್ಟಿ ಸಿಪ್ಪೆ, ಉರಿಯದ ಹರಳು ಬಂದರೆ ಮದ್ದು ಸರಿಯಿಲ್ಲ, ಇಲ್ಲವೇ ಬಿಲ್ಲೆ ಸಡಿಲ. ಅಳತೆ ತೀರಾ ಕಡಿಮೆಯಾದರೂ ಒತ್ತಡ ಸಾಲದೆ ಕೊಳಕಾಗಿಯೇ ಉರಿಯುತ್ತದೆ. ಮಾರ್ಚ್ ಬಿಸಿಲಲ್ಲಿ ಕಿಟ್ಟ ಒಣಗಿ ಗಟ್ಟಿಯಾಗುತ್ತದೆ, ಮಳೆಗಾಲದಲ್ಲಿ ಅದೇ ಮದ್ದು ಮೆತ್ತಗೆ ಬರುತ್ತದೆ. ಬೇಸಿಗೆಯಲ್ಲಿ ಮಾಡಿದ ಪರೀಕ್ಷೆಯನ್ನು ಆಷಾಢದ್ದಕ್ಕೆ ಹೋಲಿಸಬೇಡಿ.

ಮದ್ದು ಚೆನ್ನಾಗಿದ್ದೂ ಕಿಟ್ಟ ಟಾರಿನಂತೆ ಕಟ್ಟುತ್ತಿದ್ದರೆ ಎಣ್ಣೆಯ ಮೇಲೆ ಅನುಮಾನಪಡಿ. ಹಳೆಯ ಎಂಜಿನ್ ಆಯಿಲ್, ಗ್ರೀಸ್ ಕರಿಮದ್ದಿನ ಜೊತೆ ಸುಟ್ಟು ಅಂಟಾಗುತ್ತವೆ. ಈಡಿಗೆ ಮೊದಲು ನಳಿಗೆಯನ್ನು ಒಣ ಬಟ್ಟೆಯಿಂದ ಒರೆಸಿ ಎಣ್ಣೆ ತೆಗೆಯಿರಿ. ಬಟ್ಟೆ ಸುತ್ತಿದ ಗುಂಡಿಗೆ ಜಿಡ್ಡು ಬೇಕಾದರೆ ಜೇನುಮೇಣ, ಹರಳೆಣ್ಣೆ ಕಲಸಿ ಹಚ್ಚಿ.

ತೊಳೆಯುವ ವಿಚಾರದಲ್ಲಿ ನಮ್ಮ ಕಡೆಯ ದೊಡ್ಡ ತಪ್ಪು ಸೀಮೆಎಣ್ಣೆ, ಡೀಸೆಲ್. ಕಿಟ್ಟ ಉಪ್ಪು, ಉಪ್ಪು ಕರಗುವುದು ನೀರಿನಲ್ಲಿ. ಸೀಮೆಎಣ್ಣೆ ಮಸಿಯನ್ನು ಮಾತ್ರ ತೆಗೆದು ಉಪ್ಪಿನ ಮೇಲೆ ಎಣ್ಣೆ ಬಳಿಯುತ್ತದೆ. ಕೋವಿ ಖಾಲಿ ಎಂದು ಗಜದ ಗುರುತಿನಿಂದ ಖಚಿತಪಡಿಸಿಕೊಂಡು, ಕೇಪು ತೆಗೆದು, ನಿಪ್ಪಲ್ (ಕೇಪು ಕೂರುವ ಮೊಳೆ) ಬಿಚ್ಚಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರಾವಣ ಸಾಕು. ಕುದಿನೀರು ಹಾಕಿದರೆ ಒಣಗುತ್ತಿದ್ದಂತೆ ಕೆಂಪು ತುಕ್ಕಿನ ಪದರ ಏಳುತ್ತದೆ. ಬಟ್ಟೆ ಬಿಳಿಯಾಗಿ ಬರುವವರೆಗೆ ಉಜ್ಜಿ, ಬರಿ ನೀರಲ್ಲಿ ಜಾಲಿಸಿ, ಪೂರ್ತಿ ಒಣಗಿಸಿ ತೆಳುವಾಗಿ ಎಣ್ಣೆ ಹಚ್ಚಿ. ಈಡು ಹೊಡೆದ ದಿನವೇ ಇದು ಮುಗಿಯಬೇಕು. ಮಾರನೇ ದಿನ ಒಂದು ಬಿಳಿ ಬಟ್ಟೆ ತೂರಿಸಿ ನೋಡಿ, ಕಂದು ಬಣ್ಣ ಬಂದರೆ ಇನ್ನೊಮ್ಮೆ ತೊಳೆಯಿರಿ. ಚುನಾವಣೆ ಬಂದು ಕೋವಿಯನ್ನು ಠಾಣೆಗೆ ಒಪ್ಪಿಸುವಾಗಲಂತೂ ಈ ಮಾರನೇ ದಿನದ ಪರೀಕ್ಷೆ ಮುಗಿಸಿಯೇ ಕೊಡಿ. ಒಂದೆರಡು ತಿಂಗಳು ಅದು ಅಲ್ಲಿ ಯಾರ ಕೈಯೂ ತಾಗದೆ ನಿಂತಿರುತ್ತದೆ.