ಕವಳಿ ಬೇಲಿ: ಒಳಗಿನ ಸಾಲು ನಮಗೆ, ಹೊರಗಿನದು ಹಕ್ಕಿಗೆ

"ನೀರು ಕಡಿಮೆ, ಬೇಲಿಗೆ ಏನು ಹಾಕಲಿ ಅಜ್ಜಿ?" ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಕವಳಿ. ಕರಾವಳಿಯವರು ಇದನ್ನೇ ಕರಂಡೆ ಅನ್ನುತ್ತಾರೆ. ನಮ್ಮ ಕುರುಚಲು ಕಾಡಿನದೇ ಗಿಡ. ಕಲ್ಲು ನೆಲದಲ್ಲೂ ಬದುಕುತ್ತದೆ, ಏಪ್ರಿಲ್ ಬಿಸಿಲಲ್ಲೂ ಹಸಿರಾಗಿರುತ್ತದೆ. ಮುಳ್ಳಿರುವುದರಿಂದ ದನ ಬಾಯಿ ಹಾಕುವುದಿಲ್ಲ.

ಬೀಜದ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಒಂದು ವರ್ಷ ಮೆಣಸಿನ ಬೀಜದ ಹಾಗೆ ಒಣಗಿಸಿ, ಡಬ್ಬಿಯಲ್ಲಿ ಕಟ್ಟಿಟ್ಟೆ. ಮುಂದಿನ ಮಳೆಗೆ ಹಾಕಿದರೆ ಒಂದೂ ಮೊಳೆಯಲಿಲ್ಲ! ಕವಳಿ ಬೀಜ ಹಳೆಯದಾದರೆ ಸತ್ತುಹೋಗುತ್ತದೆ. ಕಪ್ಪಗೆ ಹಣ್ಣಾದದ್ದನ್ನು ಕಿವುಚಿ, ತೊಳೆದು, ನೆರಳಲ್ಲಿ ನೀರಾರಿಸಿ ಕೂಡಲೇ ಹಾಕಬೇಕು. ಕೆಮ್ಮಣ್ಣು, ಮರಳು, ಸ್ವಲ್ಪ ಹಳೆಯ ಸಗಣಿ ಗೊಬ್ಬರ ಬೆರೆಸಿದ ಪ್ಯಾಕೆಟ್ ಸಾಕು. ಬೀಜ ಅರ್ಧ ಇಂಚಿಗಿಂತ ಆಳಕ್ಕೆ ಹೋಗಬಾರದು. ಮೊಳಕೆ ನಿಧಾನ, ಎರಡು ವಾರಕ್ಕೇ ಬೇಸತ್ತು ಚೆಲ್ಲಬೇಡಿ.

ಸಸಿಯನ್ನು ಮುಂದಿನ ಮಿರಗದ ಮಳೆಗೆ, ಅಂದರೆ ಜೂನ್ ಮೊದಲ ಮಳೆಗೆ, ನೆಲಕ್ಕಿಡಿ. ಬೇಲಿಗಾದರೆ ಎರಡು-ಮೂರು ಅಡಿಗೊಂದು. ನನ್ನದು ಎರಡು ಸಾಲಿನ ಬೇಲಿ. ಮಕ್ಕಳು ಓಡಾಡುವ ದಾರಿಯ ಪಕ್ಕ ಮಾತ್ರ ಬೇಡ, ಮುಳ್ಳು ಚುಚ್ಚಿದರೆ ಚೆನ್ನಾಗಿ ನೋಯುತ್ತದೆ. ಮೊದಲ ಬೇಸಿಗೆ ವಾರಕ್ಕೊಂದು ಕೊಡ ನೀರು ಕೊಡಿ. ಆಮೇಲೆ ಮರೆತರೂ ನಡೆಯುತ್ತದೆ. ಬುಡದಲ್ಲಿ ನೀರು ನಿಂತರೇ ಅದಕ್ಕೆ ಆಗಿ ಬರುವುದಿಲ್ಲ.

ಮೂರನೇ ವರ್ಷದ ಹೊತ್ತಿಗೆ ಮಲ್ಲಿಗೆಯಂಥ ಬಿಳಿ ಹೂವು, ಸಂಜೆ ಸಣ್ಣ ಪರಿಮಳ. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಬೇಲಿ ಗೋಡೆಯ ಹಾಗೆ ನೆಟ್ಟಗಿರಬೇಕು ಅಂತ ತಿಂಗಳಿಗೊಮ್ಮೆ ಕತ್ತರಿ ಆಡಿಸುತ್ತಾರೆ. ಹೂವು ಬರುವುದೇ ಹೊಸ ಚಿಗುರಲ್ಲಿ, ಅದನ್ನೇ ಕತ್ತರಿಸಿದರೆ ಹಣ್ಣೆಲ್ಲಿಂದ ಬರಬೇಕು, ಅಲ್ವಾ? ನಾನು ವರ್ಷಕ್ಕೊಮ್ಮೆ, ಹಣ್ಣು ಮುಗಿದ ಮೇಲೆ, ಮನೆ ಕಡೆಯ ಸಾಲನ್ನಷ್ಟೇ ಸವರುತ್ತೇನೆ. ಹೊರಗಿನ ಸಾಲು ಸುಮ್ನೆ ಬೆಳೆದುಕೊಂಡಿರುತ್ತದೆ.

ಹಸಿರು ಕಾಯಿಯನ್ನು ಒಳಗಿನ ಸಾಲಿನಿಂದ ಕೀಳುತ್ತೇನೆ, ಉಪ್ಪಿನಕಾಯಿಗೆ. ಕೈಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಅದರ ಹಾಲು ಅಂಟಿದರೆ ಸೋಪಿಗೆ ಬಗ್ಗುವುದಿಲ್ಲ. (ಇದು ಕಣಗಿಲೆಯ ಬಳಗದ್ದೇ. ಆದರೆ ಕಣಗಿಲೆ ವಿಷ, ಇದು ತಿನ್ನುವ ಹಣ್ಣು. ಮಕ್ಕಳಿಗೆ ಎರಡನ್ನೂ ತೋರಿಸಿ ಹೇಳಿಡಿ.)

ಹೊರಗಿನ ಸಾಲಿನ ಹಣ್ಣು ಕಪ್ಪಾಗುತ್ತಿದ್ದಂತೆ ಪಿಕಳಾರಗಳು ಬರುತ್ತವೆ, ಹಿಂದೆಯೇ ಕೋಗಿಲೆ, ಗೊರವಂಕ. ಅವು ಉದುರಿಸಿದ ಬೀಜದಿಂದ ನನಗೆ ಎಷ್ಟೋ ಸಸಿ ಪುಕ್ಕಟೆ ಸಿಕ್ಕಿವೆ. ಬೆಕ್ಕು ನುಗ್ಗಲಾರದ ಮುಳ್ಳಿನ ನಡುವೆ ಪಿಕಳಾರ ಗೂಡನ್ನೂ ಕಟ್ಟುತ್ತದೆ. ಹಾಗಾಗಿ ಕತ್ತರಿ ಹಿಡಿಯುವ ಮೊದಲು ಕೊಂಬೆ ಸರಿಸಿ ಒಳಗೆ ನೋಡಿ. ಮೊಟ್ಟೆ ಕಂಡರೆ ಕತ್ತರಿಯನ್ನು ಒಂದು ತಿಂಗಳು ಅಟ್ಟಕ್ಕೆ ಹಾಕಿ.