ಹಲ್ಲಿನ ಇಂಪ್ಲಾಂಟ್: ಎರಕ ಹಿಡಿಯಿತೇ, ಬರಿದೇ ಕೂತಿತೇ?

ಜೂನ್ ಬಂತೆಂದರೆ ಕಾರವಾರದ ಮನೆಗಳಲ್ಲಿ ಹಪ್ಪಳದ ಡಬ್ಬಿಗೆ ಸಿಗುವ ಕಾಳಜಿ ನಮ್ಮ ಡೆಂಟಲ್ ಲ್ಯಾಬಿನಲ್ಲಿ ಅಚ್ಚಿನ ಪುಡಿಗೆ ಸಿಗುತ್ತದೆ. ಫಾಸ್ಫೇಟ್ ಬೆರೆತ ಈ ಪುಡಿ ತೇವ ಹೀರಿತೋ, ಅಚ್ಚು ಕೆಟ್ಟಂತೆಯೇ. ಆಮೇಲೆ ಲೋಹವನ್ನು ಬೈದು ಪ್ರಯೋಜನವಿಲ್ಲ.

ಇಂಪ್ಲಾಂಟ್ ಎಂದರೆ ದವಡೆಯ ಮೂಳೆಯೊಳಗೆ ಕೂರುವ ಟೈಟಾನಿಯಂ ತಿರುಪು. ಅದರ ಮೇಲೆ ನಿಂತು ಹಲ್ಲನ್ನು ಹೊರುವ ಭಾಗ ಅಬಟ್‌ಮೆಂಟ್. 1980ರ ದಶಕದಲ್ಲಿ ಬಳಕೆಗೆ ಬಂದ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೆಸರು ಹೊತ್ತ) ಮಾದರಿಯ ಒಂದು ಬಗೆಯಲ್ಲಿ, ಇಂಪ್ಲಾಂಟಿಗೆ ತಾಗುವ ತಳವು ಕಾರ್ಖಾನೆಯಲ್ಲೇ ಕಡೆದ ಚಿನ್ನದ ಮಿಶ್ರಲೋಹದ ಪುಟ್ಟ ಕೊಳವೆ. ಅದರ ಮೇಲೆ ಮೇಣದಲ್ಲಿ ಆಕಾರ ತಿದ್ದಿ, ಸುತ್ತಲೂ ಆ ಪುಡಿಯ ಅಚ್ಚು ಕಟ್ಟಿ, ಮೇಣ ಸುಟ್ಟು ಖಾಲಿಯಾದ ಜಾಗಕ್ಕೆ ಲೋಹದ ಎರಕ ಹೊಯ್ಯುವುದು ನಮ್ಮ ಪಾಲಿನ ಕೆಲಸ.

ಮೊದಲು ಲೋಹದ ಆಯ್ಕೆ. ಸುರಿಯುವ ಲೋಹ ಪೂರ್ತಿ ಕರಗುವ ಉಷ್ಣತೆಯು ಕೊಳವೆ ಕರಗತೊಡಗುವ ಉಷ್ಣತೆಗಿಂತ ಕೆಳಗಿರಬೇಕು. ಇಲ್ಲದಿದ್ದರೆ ತಳವೇ ಸೊಟ್ಟಗಾದೀತು. ಎರಡೂ ಅಂಕಿಗಳು ತಯಾರಕರ ಚೀಟಿಯಲ್ಲಿರುತ್ತವೆ. ಚೀಟಿ ಓದದೆ ಹೊಯ್ಯುವ ಧೈರ್ಯವಂತರೂ ಇದ್ದಾರೆನ್ನಿ.

ಎರಡನೆಯದು ಮೇಣ. ಹಲ್ಲಿನ ಬಣ್ಣದ ಪಿಂಗಾಣಿ ಹೊದಿಕೆ ಬರುವ ಕಡೆಯಲ್ಲೆಲ್ಲ ಕೊಳವೆಯನ್ನು ಮೇಣ ಪೂರ್ತಿ ಮುಚ್ಚಿರಬೇಕು. ಅರ್ಧ ಮಿಲಿಮೀಟರ್ ದಪ್ಪವಿದ್ದರೆ ನೆಮ್ಮದಿ. ಕೊಳವೆಯ ಲೋಹ ಎಷ್ಟು ಕಾದರೂ ಆಕ್ಸೈಡ್ ಕಟ್ಟುವುದಿಲ್ಲ. ಮೈ ಹಾಗೆ ಶುಭ್ರವಾಗಿ ಉಳಿಯುವುದರಿಂದಲೇ ಕರಗಿದ ಲೋಹ ಅದನ್ನು ಹಿಡಿಯುತ್ತದೆ. ಆದರೆ ಪಿಂಗಾಣಿಯ ಸ್ವಭಾವ ಬೇರೆ: ತೆಳುವಾದ ಆಕ್ಸೈಡ್ ಪದರವಿಲ್ಲದೆ ಅದು ಲೋಹಕ್ಕೆ ಅಂಟದು. ಎರಕಕ್ಕೆ ಒದಗುವ ಗುಣವೇ ಪಿಂಗಾಣಿಗೆ ಮುಳುವು. ಮೇಣ ತಪ್ಪಿದ ಜಾಗದಲ್ಲಿ ಕೆಲವು ತಿಂಗಳಲ್ಲೇ ಪಿಂಗಾಣಿ ಚಕ್ಕೆ ಎದ್ದು ಬರಬಹುದು.

ಇನ್ನು ಶುಚಿ. ತಳದ ಅಂಚಿನಲ್ಲಿ ಮೇಣದ ಪೊರೆ ಉಳಿದರೆ ಲೋಹ ಅಲ್ಲಿಗೂ ಹರಿಯುತ್ತದೆ. ಹತ್ತಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿ, ಮತ್ತೆ ಬೆರಳು ತಾಗಿಸಬೇಡಿ. ನಾನೊಮ್ಮೆ ಬಿಟ್ಟ ಪೊರೆ ಕೂದಲೆಳೆಯಷ್ಟು ತೆಳುವಾದ ಲೋಹದ ನಾಲಗೆಯಾಗಿ ಮೂಡಿತ್ತು. ಅದನ್ನು ಕೆರೆಯಲು ಹೋಗಿ ಅಂಚನ್ನೇ ಕಳೆದೆ. ಇಡೀ ಕೊಳವೆ ಗುಜರಿಗೆ ಹೋಯಿತು.

ಅಚ್ಚನ್ನು ಕುಲುಮೆಯಲ್ಲಿ ನಿಧಾನವಾಗಿ ಕಾಯಿಸಿ, ಕೊನೆಯ ಉಷ್ಣತೆಯಲ್ಲಿ ಸಾಕಷ್ಟು ಹೊತ್ತು ಬಿಡಿ. ಮೇಣ ಸುಟ್ಟುಹೋದರೆ ಸಾಲದು, ಒಳಗಿನ ಕೊಳವೆಯೂ ಹದವಾಗಿ ಕಾದಿರಬೇಕು. ಕಾವು ಸಾಲದ ಕೊಳವೆಯ ಮೇಲೆ ಲೋಹ ಹಬ್ಬುವ ಮೊದಲೇ ಹೆಪ್ಪುಗಟ್ಟುತ್ತದೆ. ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಹೊಯ್ದ ಮೇಲೆ ಅಚ್ಚು ತಾನಾಗಿ ಆರಲಿ, ನೀರಿಗೆ ಅದ್ದಬೇಡಿ. ಬಿಡಿಸುವಾಗ, ಮರಳಿನಂಥ ಪುಡಿ ಚಿಮ್ಮಿಸುವ ಸ್ಯಾಂಡ್‌ಬ್ಲಾಸ್ಟಿನ ಮೂತಿಯನ್ನು ತಳದತ್ತ ತಿರುಗಿಸಲೇಬಾರದು.

ಈಗ ಪರೀಕ್ಷೆ. ಎರಡು ಲೋಹ ಕೂಡುವ ಗೆರೆಯನ್ನು ಭೂತಗನ್ನಡಿಯಲ್ಲಿ ಸುತ್ತಲೂ ನೋಡಿ. ಕಪ್ಪು ಚುಕ್ಕೆ ಕಂಡರೆ ಗಾಳಿಗುಳ್ಳೆ ಇರಬಹುದು. ಚೂಪಾದ ಸೂಜಿಯ ತುದಿ ಸಿಕ್ಕಿಕೊಂಡರೆ ಬಿರುಕು ಇದ್ದೀತು. ಒಳಗಿನ ಹಿಡಿತ ಮಾತ್ರ ಹೀಗೆ ತಿಳಿಯದು. ಅದಕ್ಕೆ ಹೊಸ ಮಿಶ್ರಲೋಹ ತರಿಸಿದಾಗಲೆಲ್ಲ ನಾವು ಒಂದು ಕೊಳವೆಯನ್ನು ಬಲಿಕೊಡುತ್ತೇವೆ: ಎರಕ ಹೊಯ್ದು, ಉದ್ದಕ್ಕೆ ಸೀಳಿ, ಉಜ್ಜಿ ನಯಗೊಳಿಸಿ ಸೂಕ್ಷ್ಮದರ್ಶಕದಡಿ ಇಡುತ್ತೇವೆ. ಚಿನ್ನದ ಬೆಲೆಯಲ್ಲಿ ಇದು ಹೊಟ್ಟೆಯುರಿಸುವ ಕೆಲಸವೇ. ಕಳೆದ ಸಲ ಸೀಳಿದ ತುಂಡು ಇನ್ನೂ ನನ್ನ ಮೇಜಿನ ಮೇಲಿದೆ. ಹೊರಗೆ ಕನ್ನಡಿಯಂತೆ ನುಣುಪು. ಒಳಗೆ, ಗೆರೆಯ ಮೇಲ್ತುದಿಯಲ್ಲಿ, ಒಂದರ ಪಕ್ಕ ಒಂದರಂತೆ ಎರಡು ಗುಳ್ಳೆ.