ಇಬ್ಬರು ಸಾರಾ

ಸಾಗರದಲ್ಲಿ ಅಪ್ಪನಿಗೆ ಅಡಿಕೆ ಮಂಡಿ ಇತ್ತು. ಕಿರ್ದಿ, ಖಾತೆ ಓದುವುದನ್ನು ಅಲ್ಲೇ ಕಲಿತೆ. ಆ ವಿದ್ಯೆ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಇಲ್ಲಿನ ನ್ಯೂಪೋರ್ಟ್‌ನಲ್ಲಿ 18ನೇ ಶತಮಾನದಲ್ಲಿ ಆರನ್ ಲೋಪೆಜ್ ಎಂಬ ವರ್ತಕನಿದ್ದ. ರಮ್, ಕಾಕಂಬಿ, ತಿಮಿಂಗಿಲದ ಮೇಣದ ಬತ್ತಿ ಅಂತ ಅಟ್ಲಾಂಟಿಕ್ ಉದ್ದಕ್ಕೂ ಅವನ ಹಡಗುಗಳು ಓಡಾಡುತ್ತಿದ್ದವು. ಅವನ ವ್ಯಾಪಾರದ ಪತ್ರಗಳು 1914-15ರಲ್ಲೇ ಎರಡು ಸಂಪುಟಗಳಾಗಿ ಅಚ್ಚಾಗಿವೆ, ಪುಕ್ಕಟೆ ಓದಬಹುದು. ಅವುಗಳಿಂದ ಅವನ ಸಂಸಾರದ ಕಥೆ ಹೆಕ್ಕೋಣ ಅಂತ ಕೂತೆ.

ಮೊದಲ ಎರಡು ವಾರ ದಂಡ. ಪೋರ್ಚುಗಲ್‌ನ ಆರನ್‌ಗಾಗಿ ಹುಡುಕಿದ್ದೇ ಹುಡುಕಿದ್ದು. ಅಲ್ಲಿ ಅವನ ಹೆಸರು ದುವಾರ್ತೆ, ಹೆಂಡತಿ ಅನಾ. ಊರಿಗೆ ಕ್ರೈಸ್ತರು, ಮನೆಯೊಳಗೆ ಯಹೂದಿಗಳು. 1752ರಲ್ಲಿ ನ್ಯೂಪೋರ್ಟ್‌ಗೆ ಬಂದ ಮೇಲೆ ಆರನ್, ಅಬಿಗೇಲ್ ಆದರು.

ಇನ್ನೊಂದು ಎಡವಟ್ಟು ಹೇಳಲು ನಾಚಿಕೆ. 1762ರಲ್ಲಿ ಅಬಿಗೇಲ್ ತೀರಿಕೊಂಡಳು. ಮರುವರ್ಷ ಅವನು ವ್ಯಾಪಾರದ ಪಾಲುದಾರ ಜೇಕಬ್ ರಿವೇರಾನ ಮಗಳನ್ನು ಮದುವೆಯಾದ. ಅವಳು ಸಾರಾ. ಅಬಿಗೇಲ್‌ಳ ಹಿರಿಮಗಳೂ ಸಾರಾ! ನಾನು ಒಂದಿಡೀ ಪುಟದಲ್ಲಿ ಮಲತಾಯಿಯನ್ನೇ ಜಮೈಕಾದ ವರನಿಗೆ ಧಾರೆ ಎರೆದುಬಿಟ್ಟಿದ್ದೆ. ಆಮೇಲೆ ಹೆಂಡತಿಗೆ ಕೆಂಪು, ಮಗಳಿಗೆ ಹಸಿರು ಅಂತ ಬಣ್ಣ ಹಚ್ಚಿ, ಪ್ರತಿ ಪತ್ರದ ಇಸವಿ ನೋಡಿ ಗೆರೆ ಎಳೆಯುತ್ತಾ ಬಂದೆ.

ಹಸಿರು ಸಾರಾಳ ಮದುವೆ 1767ರಲ್ಲಿ. ಗಂಡ ಅಬ್ರಹಾಂ ಪೆರೇರಾ ಮೆಂಡೆಸ್‌ಗೆ ಮಾವ ಜಮೈಕಾದ ವ್ಯವಹಾರ ವಹಿಸಿದ. ಅಳಿಯನ ಕೈಲಿ ಆಗಲಿಲ್ಲ. ಕೊನೆಗೆ ಬೆಂಜಮಿನ್ ರೈಟ್ ಎಂಬ ಕ್ಯಾಪ್ಟನ್‌ನನ್ನು ಕೂರಿಸಬೇಕಾಯಿತು. ಅಳಿಯನ ಹತ್ತಿರ ಲೆಕ್ಕ ಕೇಳುವ ಕಷ್ಟ ಮಂಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಫ್ರಿಕಾಕ್ಕೆ ಹೋದ ಹಡಗುಗಳೂ ಇವೆ. ಇಲ್ಲಿಂದ ರಮ್ ಪೀಪಾಯಿ, ಅಲ್ಲಿಂದ ಮನುಷ್ಯರು. ಮಾವ, ಅಳಿಯ ಇಬ್ಬರೂ ಸೇರಿ ಕಳಿಸಿದ್ದು: ರಿವೇರಾ ಮತ್ತು ಲೋಪೆಜ್. ಮೊದಲು ಅದನ್ನೆಲ್ಲ ಬೇರೆ ಅಧ್ಯಾಯಕ್ಕೆ ಎತ್ತಿಟ್ಟಿದ್ದೆ. ಸರಿ ಅನ್ನಿಸಲಿಲ್ಲ. ಮನೆ ನಡೆದದ್ದು ಆ ದುಡ್ಡಿನಲ್ಲೂ ಅಲ್ವಾ? ತಂದು ಮದುವೆಗಳ ಮಧ್ಯೆಯೇ ಸೇರಿಸಿದೆ. ಕಥೆ ಓದಲು ಅಷ್ಟು ಹಿತವಾಗಿಲ್ಲ ಈಗ. ಇರಲಿ.

ಅಮೆರಿಕದ ಕ್ರಾಂತಿಯ ಯುದ್ಧ ಬಂದಾಗ ಸಂಸಾರ ಒಳನಾಡಿನ ಲೆಸ್ಟರ್ ಊರಿಗೆ ಹೋಯಿತು. 1782ರ ಮೇ 28ರಂದು ನ್ಯೂಪೋರ್ಟ್‌ಗೆ ಮರಳುವ ದಾರಿಯಲ್ಲಿ ಸ್ಕಾಟ್ಸ್ ಪಾಂಡ್ ಎಂಬ ಕೆರೆಯಲ್ಲಿ ಲೋಪೆಜ್ ಕುದುರೆಗಾಡಿ ಸಮೇತ ಮುಳುಗಿದ. ಹೆಂಡತಿ, ಮಕ್ಕಳ ಕಣ್ಣೆದುರೇ. ಹೆಂಡತಿ ಅಂದರೆ ಸಾರಾ ರಿವೇರಾ. ಆ ಸಾಲಿಗೂ ಕೆಂಪು ಗೆರೆ ಎಳೆದೆ.